ಕಾಫಿಯ ತುಕ್ಕು ನಿರೋಧ

ಎಲೆ ತುಕ್ಕು ರೋಗವನ್ನು ತಡೆಯಲು ಕಾಫಿ ಗಿಡಕ್ಕೆ ಹುಟ್ಟಿನಿಂದ ಬರುವ ಶಕ್ತಿ. ರೋಗಕಾರಕ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರ. ಅದರ ಬೀಜಕಣದಿಂದ ಮೊಳೆತ ಎಳೆ ಎಲೆಯ ಕೆಳಮೈಯ ಪತ್ರರಂಧ್ರದ ಮೂಲಕ ಒಳಹೊಗುತ್ತದೆ. ನಿರೋಧವಿರುವ ಗಿಡದಲ್ಲಿ ಸೋಂಕು ತಗುಲಿದ ಜೀವಕೋಶಗಳು ಬೇಗನೆ ತಾವೇ ಸಾಯುತ್ತವೆ. ಜೀವಂತ ಕೋಶಗಳಲ್ಲಷ್ಟೇ ಬದುಕಬಲ್ಲ ಶಿಲೀಂಧ್ರ ಆಹಾರವಿಲ್ಲದೆ ಅಲ್ಲೇ ನಿಂತುಬಿಡುತ್ತದೆ.

ಆರಂಭ: 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ತುಕ್ಕು ಅಲ್ಲಿನ ಕಾಫಿ ಬೆಳೆಯನ್ನು ಹಾಳುಗೆಡವಿತು. ಬಹುಬೇಗ ಅದು ದಕ್ಷಿಣ ಭಾರತಕ್ಕೂ ಹಬ್ಬಿತು.

ಕೆಂಟ್ಸ್ ತಳಿ: 1911ರಲ್ಲಿ ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯಲ್ಲಿ ಆರಿಸಿದ ಅರೇಬಿಕಾ ಗಿಡದ ಸಂತತಿ ಮೊದಲಿಗೆ ತುಕ್ಕಿಗೆ ಜಗ್ಗಲಿಲ್ಲ, ಮುಂದೆ ಅದಕ್ಕೂ ರೋಗ ಹಿಡಿಯಿತು. ಈ ತಳಿ 'ಶಕ್ತಿ ಕಳೆದುಕೊಂಡಿತು' ಎಂಬ ಮಾತು ಹಲವೆಡೆ ಕಾಣುತ್ತದೆ. ಅದು ಸರಿಯಲ್ಲ, ಗಿಡ ಮೊದಲಿನಂತೆಯೇ ಇತ್ತು, ಎದುರಾಳಿ ಬೇರೆಯಾಗಿತ್ತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ತೆರೆದ ಪ್ರಯೋಗ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ 1930ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಈ ಶಿಲೀಂಧ್ರದಲ್ಲಿ 'ರೇಸ್' ಎನ್ನುವ ಒಳಬಗೆಗಳಿವೆ. ಒಂದು ರೇಸ್‌ಗೆ ಮಣಿಯದ ಗಿಡ ಇನ್ನೊಂದಕ್ಕೆ ಮಣಿಯಬಹುದು. ಕಾಫಿ ತುಕ್ಕಿನ ಇತಿಹಾಸದ ತಿರುವು ಇದೇ.

ಎಸ್. 795: 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದ ಬೆಳೆಗಾರರ ಕೈಸೇರಿದ ಈ ತಳಿಯನ್ನು ಬರೀ ಅರೇಬಿಕಾ ಎಂದು ಹೇಳುವುದುಂಟು. ಅದರ ವಂಶ ಅಷ್ಟು ಸರಳವಲ್ಲ. ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳು ಸಹಜವಾಗಿ ಬೆರೆತು ಹುಟ್ಟಿದ ಎಸ್. 26ರ ಸಂತತಿ ಎಸ್. 288, ಅದನ್ನು ಕೆಂಟ್ಸ್ ಜೊತೆ ಸಂಕರಿಸಿ ಎಸ್. 795 ಪಡೆದರು. ಅದಕ್ಕೆ ಲೈಬೀರಿಕಾದಿಂದ ಬಂದ ಬಲಕ್ಕೆ ಕಾರಣವಾದ ಜೀನ್ ಎಸ್‌ಎಚ್3. ಪೋರ್ಚುಗಲ್‌ನಲ್ಲಿ 1955ರಲ್ಲಿ ಆರಂಭವಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರದ ನೊರೊನ್ಹಾ-ವಾಗ್ನರ್ ಮತ್ತು ಬೆಟೆನ್‌ಕೋರ್ಟ್ 1967ರಲ್ಲಿ ಎಸ್‌ಎಚ್1ರಿಂದ ಎಸ್‌ಎಚ್4ರವರೆಗಿನ ನಾಲ್ಕು ಜೀನ್‌ಗಳನ್ನು ಬೇರ್ಪಡಿಸಿ ತೋರಿಸಿದರು. ಅಗಸೆ ಬೆಳೆಯ ತುಕ್ಕಿನಲ್ಲಿ ಅಮೆರಿಕದ ಎಚ್. ಎಚ್. ಫ್ಲೋರ್ 1940ರ ದಶಕದಲ್ಲಿ ಕಂಡ 'ಜೀನ್‌ಗೆ ಪ್ರತಿಯಾಗಿ ಜೀನ್' ಎಂಬ ನಿಯಮ ಕಾಫಿಗೂ ಹೊಂದುತ್ತದೆ: ಗಿಡದ ಒಂದೊಂದು ನಿರೋಧ ಜೀನ್‌ಗೂ ಶಿಲೀಂಧ್ರದಲ್ಲಿ ಜೋಡಿಯಾದ ಜೀನ್ ಇರುತ್ತದೆ.

ಈಚಿನ ತಳಿಗಳು: ತೈಮೂರ್ ದ್ವೀಪದಲ್ಲಿ ಸಹಜವಾಗಿ ಹುಟ್ಟಿದ ಅರೇಬಿಕಾ–ರೊಬಸ್ಟಾ ಮಿಶ್ರಣದಿಂದ ಹೊಸ ಜೀನ್‌ಗಳು ದೊರೆತವು. ಆ ರಕ್ತದ ಕಾವೇರಿ ತಳಿ 1985ರಲ್ಲಿ, ಚಂದ್ರಗಿರಿ 2007ರಲ್ಲಿ ಬಿಡುಗಡೆಯಾದವು. ಕಾವೇರಿಯ ನಿರೋಧವನ್ನೂ ಹೊಸ ರೇಸ್‌ಗಳು ಮುರಿದವು; ಈವರೆಗೆ 50ಕ್ಕೂ ಹೆಚ್ಚು ರೇಸ್‌ಗಳನ್ನು ಗುರುತಿಸಲಾಗಿದೆ. ನೆಟ್ಟ ಕಾಫಿ ಗಿಡ ದಶಕಗಳ ಕಾಲ ತೋಟದಲ್ಲೇ ನಿಲ್ಲುತ್ತದೆ. ಶಿಲೀಂಧ್ರವಾದರೋ ಒಂದೇ ಮಳೆಗಾಲದಲ್ಲಿ ಹಲವು ಪೀಳಿಗೆ ದಾಟುತ್ತದೆ. ಆದ್ದರಿಂದಲೇ ಒಂದೇ ಜೀನನ್ನು ನೆಚ್ಚದೆ ಹಲವನ್ನು ಒಂದೇ ಗಿಡದಲ್ಲಿ ಕೂಡಿಸುವುದು ತಳಿ ಸಂಶೋಧಕರ ಗುರಿಯಾಗಿದೆ.