63ರ ಮೇಲೆ ಲೆಕ್ಕವಿಲ್ಲ

ಉಪಗ್ರಹ ತೆಗೆದ ಭಾರತದ ರಾತ್ರಿಯ ಚಿತ್ರವನ್ನು ನೀವೂ ನೋಡಿರಬಹುದು. ಕಪ್ಪು ನೆಲದ ಮೇಲೆ ಮುಂಬೈ, ದೆಹಲಿ, ಚೆನ್ನೈ ಬೆಳಕಿನ ಮುದ್ದೆಗಳು. ನಡುವೆ ಸಣ್ಣ ಊರುಗಳ ಚುಕ್ಕಿಗಳು. 1992ರಿಂದ 2013ರವರೆಗಿನ ಇಂಥ ವಾರ್ಷಿಕ ಚಿತ್ರಗಳ ಹಿಂದಿರುವುದು ಅಂಕಿಗಳು. ನೆಲದ ಪ್ರತಿ ಚೌಕಕ್ಕೂ 0ಯಿಂದ 63ರ ಒಳಗೆ ಒಂದು ಅಂಕಿ. ಮಹಾನಗರದ ನಡುಭಾಗಕ್ಕೆ ಬಂದರೆ ಚೌಕದ ಮೇಲೆ ಚೌಕ ಬರೀ 63. ಝಗಮಗಿಸುವ ವ್ಯಾಪಾರ ಕೇಂದ್ರಕ್ಕೂ 63, ಅದರ ಪಕ್ಕದ ಬಡಾವಣೆಗೂ 63. ಹತ್ತು ವರ್ಷ ಬಿಟ್ಟು ನೋಡಿದರೂ ಅಷ್ಟೇ.

ಊರು ಅಲ್ಲಿಗೆ ನಿಂತಿತೆಂದಲ್ಲ. ಆ ಕ್ಯಾಮೆರಾ ಬೆಳಕನ್ನು 6 ಬಿಟ್‌ಗಳಲ್ಲಿ, ಅಂದರೆ 64 ಮೆಟ್ಟಿಲುಗಳಲ್ಲಿ ಮಾತ್ರ ಬರೆದುಕೊಳ್ಳುತ್ತಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ ಸ್ಯಾಚುರೇಷನ್ ಎನ್ನುತ್ತಾರೆ. ಅನುವಾದಕ್ಕೆ ಕೂತರೆ ‘ಸಂತೃಪ್ತ’ ಎಂಬ ಪದ ಕೈಗೆ ಬರುತ್ತದೆ, ಆದರೆ ಇಲ್ಲಿ ತೃಪ್ತಿಯ ಮಾತೇ ಇಲ್ಲ. ಪಾವಿಗೆ ಎಷ್ಟೇ ಅಕ್ಕಿ ಸುರಿಯಿರಿ, ಅದು ಹೇಳುವುದು ಒಂದು ಪಾವು ಎಂದೇ. ಚೆಲ್ಲಿದ್ದರ ಲೆಕ್ಕ ಅದರ ಬಳಿ ಇರುವುದಿಲ್ಲ.

ಇಷ್ಟು ಸಣ್ಣ ಪಾವನ್ನು ಯಾರು ಯಾಕೆ ಮಾಡಿದರು? ಅಮೆರಿಕದ ಸೇನೆಯ ಹವಾಮಾನ ಉಪಗ್ರಹಗಳಿಗಾಗಿ, ಮೋಡ ನೋಡಲು. 1976ರಿಂದ ಹಾರತೊಡಗಿದ ಓಎಲ್‌ಎಸ್ ಎಂಬ ಈ ಉಪಕರಣ ಕ್ಷೀಣ ಬೆಳಕನ್ನು ಹಲವು ಪಟ್ಟು ಹಿಗ್ಗಿಸಿ, ಬೆಳದಿಂಗಳಲ್ಲೂ ಮೋಡಗಳನ್ನು ತೋರಿಸುತ್ತಿತ್ತು. ಚಂದ್ರನ ಬೆಳಕು ಕಡಿಮೆಯಾದಂತೆ ಹಿಗ್ಗಿಸುವ ಪ್ರಮಾಣ, ಅಂದರೆ ಗೇನ್, ತಾನಾಗಿ ಏರುತ್ತಿತ್ತು. ಮೋಡಕ್ಕೆ ಹೊಂದಿಸಿದ ಆ ಕಣ್ಣಿಗೆ ನಗರದ ದೀಪಗಳು ವಿಪರೀತ ಪ್ರಖರ. ಅವು ಯಾರೂ ಬಯಸದೆ ಬಲೆಗೆ ಬಿದ್ದ ಮೀನುಗಳು. ಅವುಗಳ ಬೆಲೆ ತಿಳಿದದ್ದು ಆಮೇಲೆ: 1978ರಲ್ಲಿ ಥಾಮಸ್ ಕ್ರಾಫ್ಟ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಇಂಥ ರಾತ್ರಿಯ ಚಿತ್ರಗಳ ಬಗ್ಗೆ ಬರೆದರು.

ಮುಂದೆ ಕ್ರಿಸ್ ಎಲ್ವಿಡ್ಜ್ ಮತ್ತು ಸಂಗಡಿಗರು ಈ ದೀಪಗಳನ್ನೇ ಅಳೆಯಲು ಹೊರಟರು. 1996–97ರಲ್ಲಿ, ಬೆಳದಿಂಗಳಿಲ್ಲದ ಕೆಲವು ರಾತ್ರಿಗಳ ಮಟ್ಟಿಗೆ ಗೇನನ್ನು ಬೇಕೆಂದೇ ಬದಲಿಸಲಾಯಿತು. ಗೇನ್ ಇಳಿಸಿದಾಗ ನಗರದ ಒಳಗಿನ ಏರಿಳಿತ ಕಂಡಿತು, ಆದರೆ ಮಂಕಾದ ಊರುಗಳು ಮಾಯವಾದವು. ಏರಿಸಿದಾಗ ಊರುಗಳು ಮರಳಿದವು, ನಗರ ಮತ್ತೆ ಬೆಳ್ಳಗಾಯಿತು. ಎರಡನ್ನೂ ಕೂಡಿಸಿ ಹೊಸ ನಕ್ಷೆ ಮಾಡಿ 1999ರಲ್ಲಿ ಪ್ರಕಟಿಸಿದರು. ಇಂದು ಫೋನಿನ ಎಚ್‌ಡಿಆರ್ ಕಿಟಕಿಯನ್ನೂ ಕಿಟಕಿಯ ಮುಂದೆ ನಿಂತವರ ಮುಖವನ್ನೂ ಒಟ್ಟಿಗೆ ಹಿಡಿಯುವುದು ಇದೇ ಉಪಾಯದಿಂದ. ಆದರೆ ಇಂಥ ನಕ್ಷೆಗಳು ಆಗೊಮ್ಮೆ ಈಗೊಮ್ಮೆ ಬಂದವು. ವರ್ಷವರ್ಷದ ಸರಣಿಯಲ್ಲಿ 63ರ ಗೋಡೆ ಹಾಗೇ ಉಳಿಯಿತು.

ಆ ಸರಣಿಯ ಮೇಲೆ ದೊಡ್ಡ ಮಾತುಗಳು ನಿಂತವು. ರಾತ್ರಿಯ ಬೆಳಕಿನಿಂದ ದೇಶಗಳ ಆರ್ಥಿಕ ಬೆಳವಣಿಗೆಯನ್ನು ಅಳೆಯುವ ಹೆಂಡರ್ಸನ್, ಸ್ಟೋರಿಗಾರ್ಡ್, ವೀಲ್ ಅವರ ಹೆಸರಾಂತ ಪ್ರಬಂಧ 2012ರಲ್ಲಿ ಬಂತು. ಸರ್ಕಾರಿ ಅಂಕಿ ಅಂಶ ದುರ್ಬಲವಾಗಿರುವ ಕಡೆ ಇದು ದೊಡ್ಡ ನೆರವು. ಆದರೆ ಈ ಅಳತೆಯಲ್ಲಿ ನಗರ ಹೊರಕ್ಕೆ ಹರಡಿದ್ದು ಕಾಣುತ್ತದೆ, ಒಳಗೆ ದಟ್ಟವಾದದ್ದು ಕಾಣುವುದಿಲ್ಲ. ಸಣ್ಣ ಊರು 20ರಿಂದ 40ಕ್ಕೆ ಏರಬಹುದು, ಮಹಾನಗರ 63ರಲ್ಲೇ ಇರುತ್ತದೆ. ಇಬ್ಬರ ನಡುವಿನ ಅಂತರ ಕಾಗದದ ಮೇಲೆ ಕಿರಿದಾಗುತ್ತದೆ, ನೆಲದ ಮೇಲೆ ಹಿಗ್ಗಿದ್ದರೂ.

2011ರ ಅಕ್ಟೋಬರ್‌ನಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿಯರ್ಸ್ ಉಪಕರಣ ಈ ಗೋಡೆ ಒಡೆಯಿತು. ಅದರ ಹಗಲು–ರಾತ್ರಿ ಪಟ್ಟಿಯಲ್ಲಿ ಮೂರು ಹಂತದ ಗೇನ್ ಇದೆ. ಪ್ರತಿ ಚೌಕಕ್ಕೂ ಹೊಂದುವ ಹಂತವನ್ನು ಅದೇ ಆರಿಸಿಕೊಳ್ಳುತ್ತದೆ. ಅದು ಅಳೆಯಬಲ್ಲ ಅತಿ ಮಂಕು ಬೆಳಕಿಗೂ ಅತಿ ಪ್ರಖರ ಬೆಳಕಿಗೂ ಸುಮಾರು ಒಂದು ಕೋಟಿ ಪಟ್ಟು ಅಂತರ. ನಗರದ ನಡುಭಾಗದಲ್ಲಿ ರಸ್ತೆ, ಬಂದರು, ವಿಮಾನ ನಿಲ್ದಾಣ ಬೇರೆಬೇರೆಯಾಗಿ ಕಂಡವು.

ಇದೂ ಎಲ್ಲವನ್ನೂ ಕಾಣುವ ಕಣ್ಣಲ್ಲ. 500 ನ್ಯಾನೋಮೀಟರಿಗಿಂತ ಕೆಳಗಿನ ನೀಲಿ ಬೆಳಕು ಅದಕ್ಕೆ ಬಹುಪಾಲು ಕಾಣುವುದಿಲ್ಲ. ಹಳದಿ ಸೋಡಿಯಂ ದೀಪ ಇಳಿಸಿ ಬಿಳಿ ಎಲ್‌ಇಡಿ ಹಾಕಿದ ಬೀದಿ ನಮಗೆ ಮೊದಲಿನಷ್ಟೇ ಬೆಳಗಿದ್ದರೂ ಅದರ ಲೆಕ್ಕದಲ್ಲಿ ಮಂಕಾಗಬಹುದು. ಮುಂದಿನ ಸಲ ಇಂಥ ನಕ್ಷೆ ಹಿಡಿದು ಯಾರಾದರೂ ನಿಮ್ಮ ಊರು ಬೆಳೆಯಿತು, ಸೊರಗಿತು ಎಂದರೆ, ಪಾವು ಎಷ್ಟು ದೊಡ್ಡದಿತ್ತು ಎಂದು ಕೇಳಿ.