ನಕ್ಷೆಗೊಂದು ಕೈಫಿಯತ್ತು

ಬನ್ನಿಮಂಟಪವೆಂದೊಡನೆ ವಿಜಯದಶಮಿಯ ಜಂಬೂಸವಾರಿ, ಇರುಳಿನ ಪಂಜಿನ ಕವಾಯತು ನೆನಪಾಗುವುದು ಸಹಜ. ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮಾರ್ಗವಾಗಿ ಅಲ್ಲಿಗೆ ಸುಮಾರು 5 ಕಿಲೋಮೀಟರ್ ದೂರ. ವರುಷಕ್ಕೊಮ್ಮೆ ಆನೆ ನಡೆಯುವ ಈ ದಾರಿಯಲ್ಲಿ ಉಳಿದ ದಿನಗಳಂದು ಸೈಕಲ್ ತುಳಿಯುವವನ ಪಾಡೇನು? ಈ ಪ್ರಶ್ನೆ ನನ್ನನ್ನು ನಕ್ಷೆಗಳ ಇತಿಹಾಸದತ್ತ ಕರೆದೊಯ್ದಿತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಕೈಗೊಂಡನು. ನೆಲ ಅಳೆದು ಗೆರೆ ಎಳೆದುದರಿಂದಷ್ಟೇ ಅವನಿಗೆ ತೃಪ್ತಿಯಾಗಲಿಲ್ಲ. ಕಾವಲಿ ಬೊರಯ್ಯನೇ ಮೊದಲಾದ ಸಹಾಯಕರು ಊರೂರಿನ ಹಿರಿಯರನ್ನೂ ಶಾನುಭೋಗರನ್ನೂ ಕೇಳಿ ಸ್ಥಳವೃತ್ತಾಂತಗಳನ್ನು ಸಂಗ್ರಹಿಸಿದರು. ಅವೇ ಕೈಫಿಯತ್ತುಗಳು. ಗೆರೆಯ ಜೊತೆಗೆ ಮಾತೂ ಬೇಕೆಂಬ ವಿವೇಕ ಆ ಕಾಲಕ್ಕೇ ಇದ್ದಿತು.

ನಕ್ಷೆ ಪ್ರಾಣವನ್ನೂ ಉಳಿಸಬಲ್ಲುದು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾಕ್ಕೆ ಬಲಿಯಾದವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ರೋಗದ ಮೂಲ ನೀರೆಂಬ ಅವನ ವಾದಕ್ಕೆ ಇದರಿಂದ ಬಲ ಬಂದಿತು. ನಮ್ಮ ಮೈಸೂರಿನಲ್ಲಿಯೂ 1903ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಲಿ ಸ್ಥಾಪನೆಯಾಗಿ ಬಡಾವಣೆಗಳು ಯೋಜನೆಗೊಳಪಟ್ಟವು.

ಕೆನಡಾ ದೇಶದ ಭೂಸಂಪತ್ತಿನ ಲೆಕ್ಕಕ್ಕಾಗಿ 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ರೂಪಿಸಿದ ಭೌಗೋಳಿಕ ಮಾಹಿತಿ ವ್ಯವಸ್ಥೆ ಇಂದು ನಗರಯೋಜಕರ ಕೈಯಲ್ಲಿದೆ. ರಸ್ತೆಯ ಅಗಲ, ನೆಲದ ಏರಿಳಿತ, ಶಾಲೆಗಳು, ಅಪಘಾತದ ಸ್ಥಳಗಳು: ಇವನ್ನು ಒಂದೊಂದು ಗಾಜಿನ ಹಾಳೆಯ ಮೇಲೆ ಬರೆದು, ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಂತೆ ಗಣಕಯಂತ್ರ ತೋರಿಸುತ್ತದೆ. ಸೈಕಲ್ ದಾರಿ ಎಲ್ಲಿ ಹಾಯಬೇಕು, ನಿಲ್ದಾಣ ಎಲ್ಲಿರಬೇಕು ಎಂಬುದನ್ನು ಹೀಗೆ ನಿರ್ಧರಿಸಬಹುದು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಸುಮಾರು 450 ಸೈಕಲ್ಲುಗಳೊಡನೆ ಆರಂಭವಾದಾಗ ನನ್ನಂಥವರು ಹಿಗ್ಗಿದೆವು.

ಆದರೆ ಈ ಹಾಳೆಗಳಲ್ಲಿ ಒಂದು ಕೊರತೆಯಿದೆ. ವಿದ್ಯಾರ್ಥಿಯಾಗಿದ್ದಾಗ ನಾನು ಬನ್ನಿಮಂಟಪದಿಂದ ಮಾನಸಗಂಗೋತ್ರಿಗೆ ನಿತ್ಯವೂ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕೆಲವು ವರುಷಗಳ ಹಿಂದೆ ಹೈವೇ ವೃತ್ತದಲ್ಲಿ ಬಸ್ಸೊಂದು ಮೊಣಕೈಯನ್ನು ಸವರಿಕೊಂಡು ಹೋಯಿತು. ಬೀಳಲಿಲ್ಲ, ಗಾಯವೂ ಆಗಲಿಲ್ಲ. ಅಂದು ಮನೆಗೆ ಬಂದು ಗೋಡೆಗೆ ಒರಗಿಸಿದ ಸೈಕಲ್ಲನ್ನು ಮತ್ತೆ ಮುಟ್ಟಲಿಲ್ಲ. ಪೊಲೀಸರ ಅಪಘಾತದ ಪಟ್ಟಿಯಲ್ಲಿ ನಾನಿಲ್ಲ. ಸವಾರರ ಎಣಿಕೆಯಲ್ಲಿಯೂ ಇಲ್ಲ. ಹೀಗೆ ಹೆದರಿ ಹಿಂದೆ ಸರಿದವರು ಹೆಚ್ಚಿದಷ್ಟೂ ನಕ್ಷೆಯ ಮೇಲಿನ ಕೆಂಪು ಚುಕ್ಕೆಗಳು ಕಡಿಮೆಯಾಗುತ್ತವೆ. ದಾರಿ ನಿರಪಾಯವೆಂದು ನಕ್ಷೆ ಹೇಳುತ್ತದೆ. ಅದು ನಿರ್ಜನವಾದುದನ್ನು ಹೇಳುವುದಿಲ್ಲ.

ಈಚೆಗೆ ಮೊಮ್ಮಗ ಕೇಳಿದ: “ತಾತ, ನಾನು ಸ್ಕೂಲಿಗೆ ಸೈಕಲ್ಲಲ್ಲಿ ಹೋಗಲಾ?” ಅವನ ತಾಯಿ ನನ್ನ ಮುಖ ನೋಡಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಕ್ಷೆ ಬರೆಯುವ ತರುಣರಲ್ಲಿ ನನ್ನದೊಂದು ವಿನಂತಿ. ಮೆಕೆಂಜಿಯ ಸಹಾಯಕರಂತೆ ಬೀದಿಗಿಳಿದು ಕೇಳಿ. ಹಾಲಿನವನನ್ನು, ಕಾರ್ಖಾನೆಯ ಕೆಲಸಗಾರನನ್ನು, ಶಾಲೆಯ ಹುಡುಗಿಯನ್ನು ಕೇಳಿ. ಎಲ್ಲಿ ಇಳಿದು ತಳ್ಳುತ್ತೀರಿ, ಎಲ್ಲಿ ಸುತ್ತುಬಳಸಿ ಹೋಗುತ್ತೀರಿ, ಯಾವ ದಿನ ಸೈಕಲ್ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಿ. ಆ ಕೈಫಿಯತ್ತು ಒಂದು ಹಾಳೆಯಾಗಿ ಸೇರಿದ ದಿನ ಮೊಮ್ಮಗನಿಗೆ ನಾನು ಉತ್ತರ ಹೇಳಬಲ್ಲೆ.