ದುಭಾಷಿಯ ಗೂಡಿನಿಂದ ನೇರಪ್ರಸಾರದ ಅಡಿಬರಹದವರೆಗೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ದೇವಾಲಯವನ್ನು ಕಟ್ಟಿದವರ ವೃತ್ತಾಂತವನ್ನೇ ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಅದನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಿರುವುದರಿಂದ ನಾವು ಬೇರೊಂದು ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಒಬ್ಬನು ಒಂದು ಭಾಷೆಯಲ್ಲಿ ಮಾತನಾಡುತ್ತಿರುವಾಗಲೇ ಅದನ್ನು ಮತ್ತೊಂದು ಭಾಷೆಯಲ್ಲಿ ಕೇಳಿಸುವ ವಿದ್ಯೆಯ ಚರಿತ್ರೆ ಅದು. ಇದನ್ನೇ ಏಕೆ ಆರಿಸಿಕೊಂಡೆವೆಂಬುದಕ್ಕೆ ಒಂದು ಕಾರಣವುಂಟು.

೨೦೨೦ರ ಮಹಾಮಾರಿಯ ಕಾಲದಲ್ಲಿ ದೇವಾಲಯದ ಬಾಗಿಲು ಮುಚ್ಚಬೇಕಾಗಿ ಬಂದಾಗ ನಮ್ಮ ಯುವಕರು ಪೂಜೆಯನ್ನು ನೇರಪ್ರಸಾರ ಮಾಡಲು ಕಲಿತರು. ಬಾಗಿಲು ತೆರೆದ ಮೇಲೂ ಪ್ರಸಾರ ನಿಲ್ಲಲಿಲ್ಲ. ೨೦೨೩ರ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ವೃದ್ಧೆಯೊಬ್ಬರು ತೀರಿಕೊಂಡರು. ಜರ್ಮನಿಯಲ್ಲಿ ದುಡಿಯುತ್ತಿದ್ದ ಮಗ ಹೇಗೋ ಬಂದು ಸೇರಿದ. ಆ ದೇಶದವಳೇ ಆದ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ಅಲ್ಲಿಯೇ ಉಳಿದರು. ಅವರಿಗೆ ಕನ್ನಡ ಬಾರದು. ಅವರಿಗಾಗಿ ನಮ್ಮ ಹುಡುಗರು ಕನ್ನಡವನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಅಡಿಬರಹ ಮೂಡಿಸುವ ಯಂತ್ರವ್ಯವಸ್ಥೆಯೊಂದನ್ನು ಪ್ರಸಾರಕ್ಕೆ ಜೋಡಿಸಿದರು. ನಾವು "ದಿವ್ಯ ಬಲಿ" ಎಂದರೆ ಅದಕ್ಕೆ "ದಿವ್ಯ ಬಳಿ" ಎಂದು ಕೇಳಿಸಿತು. "ಹತ್ತಿರ" ಎಂಬ ಅರ್ಥದ ಇಂಗ್ಲಿಷ್ ಪದ ಮೂಡಿತು. "ಧರ್ಮಸಭೆ" ಎಂಬುದು ಯಾವುದೋ ಧಾರ್ಮಿಕ ಕೂಟವಾಯಿತು. ಇವುಗಳನ್ನು ನಗುತ್ತ ಮರೆಯಬಹುದಿತ್ತು. ಆದರೆ "ಮಕ್ಕಳ ಹೆಸರನ್ನು ಹೇಳುತ್ತಲೇ ಕಣ್ಣು ಮುಚ್ಚಿದರು" ಎಂದು ಪ್ರಬೋಧನೆಯಲ್ಲಿ ನಾವು ಆಡಿದ ಮಾತನ್ನು ಯಂತ್ರವು ಅಕ್ಷರಶಃ ಹೇಳಿಬಿಟ್ಟಿತು. ತಾಯಿ ಅದನ್ನೇ ಮಗುವಿಗೆ ತಿಳಿಸಿದಳು. ಅಜ್ಜಿ ಯಾವಾಗ ಕಣ್ಣು ತೆರೆಯುತ್ತಾರೆಂದು ಕಿರಿಯ ಮಗು ಆ ರಾತ್ರಿ ತಂದೆಯನ್ನು ಕೇಳಿತಂತೆ. ಅವನು ಇದನ್ನು ನಮಗೆ ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿದ್ಯೆಯ ಬಗೆಗೆ ಓದತೊಡಗಿದೆವು.

ಭಾಷಾಂತರವೇನೋ ನಮಗೆ ಹೊಸದಲ್ಲ. ಹೊರನಾಡಿನ ಗುರುಗಳು ಒಂದು ವಾಕ್ಯ ಹೇಳಿ ನಿಲ್ಲುವುದು, ಪಕ್ಕದಲ್ಲಿದ್ದ ಉಪದೇಶಿಯವರು ಅದನ್ನು ಕನ್ನಡದಲ್ಲಿ ಹೇಳುವುದು, ಗುರುಗಳು ಮತ್ತೆ ಆರಂಭಿಸುವುದು, ಈ ಪದ್ಧತಿಯನ್ನು ನಮ್ಮ ಹಿರಿಯರು ಕಂಡಿದ್ದಾರೆ. ಉಪದೇಶಿಗಳು ಕೆಲವೊಮ್ಮೆ ಮೂಲಕ್ಕಿಂತ ಉದ್ದವಾಗಿಯೂ ಇಂಪಾಗಿಯೂ ಹೇಳುತ್ತಿದ್ದರೆಂಬ ಮಾತುಂಟು. ರಾಷ್ಟ್ರಗಳ ಸಭೆಗಳಲ್ಲಿಯೂ ನಡೆಯುತ್ತಿದ್ದುದು ಇದೇ ಕ್ರಮ. ೧೯೧೯ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಕ್ಲೆಮೆನ್ಸೋ, ಲಾಯ್ಡ್ ಜಾರ್ಜ್, ವಿಲ್ಸನ್ ಮೊದಲಾದವರ ನಡುವೆ ದುಭಾಷಿಯಾಗಿದ್ದ ಪಾಲ್ ಮಾಂಟೂ ಮಾತು ಮುಗಿಯುವವರೆಗೆ ಕೇಳಿ ಅನಂತರ ಅದನ್ನು ಹೇಳುತ್ತಿದ್ದರು. ಇದರಿಂದ ಸಭೆಯ ಕಾಲ ಇಮ್ಮಡಿಯಾಗುತ್ತಿತ್ತು. ಭಾಷೆಗಳು ಹೆಚ್ಚಾದರೆ ಇನ್ನೂ ದೀರ್ಘ.

ಅಮೆರಿಕದ ಬಾಸ್ಟನ್ನಿನ ವರ್ತಕರಾದ ಎಡ್ವರ್ಡ್ ಫಿಲೀನ್ ಎಂಬುವರು ಈ ವಿಳಂಬವನ್ನು ಸಹಿಸಲಾರದೆ ಒಂದು ಉಪಾಯವನ್ನು ಹೂಡಿದರು. ಭಾಷಣಕಾರನ ಧ್ವನಿಯನ್ನು ತಂತಿಯ ಮೂಲಕ ದುಭಾಷಿಗಳ ಕಿವಿಗೂ, ದುಭಾಷಿಗಳ ಧ್ವನಿಯನ್ನು ಬೇರೆ ತಂತಿಗಳ ಮೂಲಕ ಸಭಿಕರ ಕಿವಿಗೂ ಏಕಕಾಲದಲ್ಲಿ ಕಳುಹಿಸುವುದೇ ಆ ಉಪಾಯ. ಬ್ರಿಟಿಷ್ ತಂತ್ರಜ್ಞ ಗಾರ್ಡನ್ ಫಿನ್ಲೇ ಅದಕ್ಕೆ ರೂಪ ಕೊಟ್ಟರು. ೧೯೨೭ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ಅದರ ಪ್ರಯೋಗ ನಡೆಯಿತು. ಮುಂದೆ ಅದರ ಹಕ್ಕು ಐಬಿಎಂ ಸಂಸ್ಥೆಯ ಪಾಲಾಯಿತು. ಆದರೂ ಕೇಳುತ್ತಲೇ ಮಾತನಾಡುವುದು ಮನುಷ್ಯನಿಂದ ಸಾಧ್ಯವೇ ಎಂಬ ಸಂದೇಹ ಬಹುಮಂದಿಗೆ ಹೋಗಲಿಲ್ಲ.

ಆ ಸಂದೇಹವನ್ನು ಹೋಗಲಾಡಿಸಿದ್ದು ನ್ಯೂರೆಂಬರ್ಗಿನ ನ್ಯಾಯಾಲಯ. ೧೯೪೫ರ ನವೆಂಬರ್ ೨೦ರಂದು ಆರಂಭವಾಗಿ ೧೯೪೬ರ ಅಕ್ಟೋಬರ್ ೧ರಂದು ತೀರ್ಪು ಮುಗಿದ ಆ ವಿಚಾರಣೆಯಲ್ಲಿ ಆರೋಪಿಗಳ ಭಾಷೆ ಜರ್ಮನ್. ನ್ಯಾಯಾಧೀಶರ ಭಾಷೆಗಳು ಇಂಗ್ಲಿಷ್, ಫ್ರೆಂಚ್ ಮತ್ತು ರಷ್ಯನ್. ಪ್ರತಿ ವಾಕ್ಯಕ್ಕೂ ನಿಂತು ಭಾಷಾಂತರಿಸಿದ್ದರೆ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತಿತ್ತು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾಗಿದ್ದ ಲಿಯೋನ್ ದೋಸ್ತೇರ್ ಈ ವ್ಯವಸ್ಥೆಯನ್ನು ಕಟ್ಟಿದರು. ಹನ್ನೆರಡು ಮಂದಿಯ ಮೂರು ತಂಡಗಳು ಸರದಿಯ ಮೇಲೆ ಕೆಲಸ ಮಾಡಿದವು. ಗಾಜಿನ ತಡಿಕೆಗಳ ಹಿಂದೆ ಕುಳಿತ ದುಭಾಷಿಗಳ ಕೈಯಲ್ಲಿ ಎರಡು ದೀಪಗಳ ಅಧಿಕಾರವಿತ್ತು. ಹಳದಿ ದೀಪ ಹತ್ತಿದರೆ ಮಾತನಾಡುವವನು ನಿಧಾನಿಸಬೇಕು. ಕೆಂಪು ಹತ್ತಿದರೆ ನಿಲ್ಲಿಸಬೇಕು. ಜಗತ್ತನ್ನೇ ನಡುಗಿಸಿದ್ದವರು ಒಬ್ಬ ತರುಣ ದುಭಾಷಿಯ ದೀಪಕ್ಕೆ ತಲೆಬಾಗಬೇಕಾಯಿತೆಂಬುದು ನಮಗೆ ಎಷ್ಟು ಬಾರಿ ನೆನೆದರೂ ಸಾಲದೆನಿಸುತ್ತದೆ.

ಅಲ್ಲಿನ ದುಭಾಷಿಗಳನ್ನು ಹೆಚ್ಚಾಗಿ ಕಾಡಿದ್ದು ಜರ್ಮನ್ ಭಾಷೆಯ ಕ್ರಿಯಾಪದ. ಆ ಭಾಷೆಯ ಅನೇಕ ವಾಕ್ಯಗಳಲ್ಲಿ ಅದು ಕಟ್ಟಕಡೆಗೆ ಬರುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. "ನಾನು ಆ ದಿನ ಆ ಊರಿನಲ್ಲಿ ಆ ಮನುಷ್ಯನನ್ನು" ಎಂದು ನಮ್ಮಲ್ಲಿ ಒಬ್ಬನು ಹೇಳಿ ಉಸಿರು ತೆಗೆದುಕೊಂಡರೆ, ಮುಂದೆ ಬರುವುದು "ಕೊಂದೆನು" ಎಂಬುದೋ "ಕಾಣಲೇ ಇಲ್ಲ" ಎಂಬುದೋ ಯಾರಿಗೆ ಗೊತ್ತು? ಇಂಗ್ಲಿಷಿಗೆ ಕ್ರಿಯಾಪದ ಮೊದಲೇ ಬೇಕು. ದುಭಾಷಿಯು ಕಾದರೆ ಹಿಂದೆ ಬೀಳುತ್ತಾನೆ. ಊಹಿಸಿದರೆ ಒಬ್ಬನ ಕೊರಳಿಗೆ ಕುತ್ತು ಬರಬಹುದು. ಬರಹದ ಭಾಷಾಂತರದಲ್ಲಿಯೂ ತಪ್ಪುಗಳಾದವು. ೧೯೪೬ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಅಭಿಯೋಜಕ ಜಾಕ್ಸನ್ ಅವರು ಪತ್ರವೊಂದನ್ನು ತೋರಿಸಿ, ಇದರಲ್ಲಿ ರೈನ್ ಪ್ರದೇಶದ ವಿಮೋಚನೆಯ ಸಿದ್ಧತೆಯ ಮಾತಿದೆ ಎಂದು ಗೋರಿಂಗನನ್ನು ಹಿಡಿದುಹಾಕಲು ಯತ್ನಿಸಿದಾಗ, ಮೂಲದಲ್ಲಿರುವುದು ರೈನ್ ನದಿಯನ್ನು ತೆರವುಗೊಳಿಸುವ ಮಾತೆಂದು ಆರೋಪಿಯು ತೋರಿಸಿಕೊಟ್ಟನು. ಅವನ ಅಪರಾಧಗಳ ರಾಶಿಯಲ್ಲಿ ಇದರಿಂದ ಏನೂ ಕಡಿಮೆಯಾಗಲಿಲ್ಲ. ಆದರೂ ಅಷ್ಟು ದೊಡ್ಡ ಅಪರಾಧಿಗೂ ತನ್ನ ಮಾತಿನ ಸರಿಯಾದ ಅರ್ಥದ ಮೇಲೆ ಹಕ್ಕಿತ್ತು, ಆ ಹಕ್ಕನ್ನು ನ್ಯಾಯಾಲಯ ಮನ್ನಿಸಿತು.

ವಿಶ್ವಸಂಸ್ಥೆಯು ೧೯೪೭ರಲ್ಲಿ ಈ ಪದ್ಧತಿಯನ್ನು ಶಾಶ್ವತವಾಗಿ ಸ್ವೀಕರಿಸಿತು. ಅಲ್ಲಿನ ದುಭಾಷಿಗಳು ಗೂಡಿನಲ್ಲಿ ಜೊತೆಯಾಗಿ ಕುಳಿತು ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುತ್ತಾರೆ. ಅದಕ್ಕಿಂತ ಹೆಚ್ಚು ಕಾಲ ಮನಸ್ಸು ತಾಳದು. ಇಂದು ಯೂರೋಪಿನ ಸಂಸತ್ತಿನಲ್ಲಿ ೨೪ ಭಾಷೆಗಳಿರುವುದರಿಂದ ಒಂದರಿಂದ ಇನ್ನೊಂದಕ್ಕೆ ೫೫೨ ದಾರಿಗಳಾಗುತ್ತವೆ.

ನಮ್ಮ ಧರ್ಮಸಭೆಯು ಈ ವಿಷಯದಲ್ಲಿ ಹಿಂದೆ ಬಿದ್ದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ೧೯೬೨ರ ಅಕ್ಟೋಬರ್ ೧೧ರಂದು ಆರಂಭವಾದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಜಗತ್ತಿನ ಮೂಲೆಮೂಲೆಗಳಿಂದ ಎರಡು ಸಾವಿರಕ್ಕೂ ಮಿಕ್ಕಿ ಧರ್ಮಾಧ್ಯಕ್ಷರು ಬಂದಿದ್ದರು. ಚರ್ಚೆಯ ಭಾಷೆ ಲತೀನ್. ಓದಿ ತಿಳಿಯುವ ಲತೀನ್ ಬೇರೆ, ನಾನಾ ದೇಶಗಳ ಉಚ್ಚಾರಣೆಯಲ್ಲಿ ಕಿವಿಗೆ ಬೀಳುವ ಲತೀನ್ ಬೇರೆ. ಬಾಸ್ಟನ್ನಿನ ಕಾರ್ಡಿನಲ್ ಕುಶಿಂಗ್ ಅವರು ಏಕಕಾಲಿಕ ಭಾಷಾಂತರದ ಯಂತ್ರಗಳ ವೆಚ್ಚವನ್ನು ತಾವೇ ಭರಿಸುವುದಾಗಿ ಹೇಳಿದರು. ಫಿಲೀನರದೂ ಅದೇ ಊರೆಂಬುದು ಒಂದು ಸ್ವಾರಸ್ಯ. ಆದರೂ ಆ ವ್ಯವಸ್ಥೆ ಸಭೆಯಲ್ಲಿ ಬಳಕೆಗೆ ಬರಲಿಲ್ಲ. ಪೂರ್ವದೇಶದ ವೃದ್ಧ ಪಿತಾಮಹರಾದ ನಾಲ್ಕನೆಯ ಮಾಕ್ಸಿಮೋಸ್ ಅವರು ಲತೀನ್ ತಮ್ಮ ಸಭೆಯ ಭಾಷೆಯಲ್ಲವೆಂದು ಫ್ರೆಂಚಿನಲ್ಲಿಯೇ ಮಾತನಾಡಿದರು. ವೀಕ್ಷಕರಾಗಿ ಬಂದಿದ್ದ ಇತರ ಸಭೆಗಳವರ ಪಕ್ಕದಲ್ಲಿ ಗುರುಗಳು ಕುಳಿತು ಮೆಲುದನಿಯಲ್ಲಿ ಅರ್ಥ ಹೇಳುತ್ತಿದ್ದರು. ಹೀಗಾಗಿ ಆ ಅತಿಥಿಗಳಿಗೆ ಕೆಲವು ಧರ್ಮಾಧ್ಯಕ್ಷರಿಗಿಂತ ಚೆನ್ನಾಗಿ ತಿಳಿದಿರಬೇಕೆಂದು ನಮ್ಮ ಗುರುಮಠದ ಅಧ್ಯಾಪಕರೊಬ್ಬರು ನಗೆಯಾಡುತ್ತಿದ್ದರು. ಜನರ ಭಾಷೆಗೆ ಪೂಜಾವಿಧಿಯಲ್ಲಿ ಬಾಗಿಲು ತೆರೆದ ಶಾಸನವನ್ನು ೧೯೬೩ರ ಡಿಸೆಂಬರ್ ೪ರಂದು ಹೊರಡಿಸಿದ್ದೂ ಇದೇ ಮಹಾಸಭೆಯೇ.

ನಮ್ಮ ಲೋಕಸಭೆಯಲ್ಲಿ ಹಿಂದಿ ಮತ್ತು ಇಂಗ್ಲಿಷಿನ ನಡುವೆ ಏಕಕಾಲಿಕ ಭಾಷಾಂತರ ಆರಂಭವಾದುದು ೧೯೬೪ರಲ್ಲಿ. ಕನ್ನಡಕ್ಕೆ ಗೂಡು ಇರಲಿಲ್ಲ. ೧೯೬೭ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿಯೇ ಮಾತನಾಡಿದರು. ಸಭಾಧ್ಯಕ್ಷರಾಗಿದ್ದ ಸಂಜೀವ ರೆಡ್ಡಿಯವರು ಅವಕಾಶವಿತ್ತರು. ತಿಳಿಯದ ಭಾಷೆಯನ್ನು ಆಡುವವರು ಇದ್ದಾರೆಂದು ಮನಗಂಡ ಮೇಲೆಯೇ ಸಭೆಗಳು ದುಭಾಷಿಯನ್ನು ಹುಡುಕುತ್ತವೆ. ಎಲ್ಲರೂ ಪರಭಾಷೆಯಲ್ಲಿ ಹೇಗೋ ನಿಭಾಯಿಸುತ್ತಿದ್ದರೆ ಗೂಡು ಕಟ್ಟುವವರಾರು? ೨೦೨೫ರ ಫೆಬ್ರವರಿಯಲ್ಲಿ ಬೋಡೋ, ಡೋಗ್ರಿ, ಮೈಥಿಲಿ, ಮಣಿಪುರಿ, ಸಂಸ್ಕೃತ, ಉರ್ದು ಭಾಷೆಗಳು ಆ ಸೌಲಭ್ಯಕ್ಕೆ ಸೇರಿದವು. ಕನ್ನಡ ಅದಕ್ಕೆ ಮೊದಲೇ ಸೇರಿತ್ತು.

ಇನ್ನು ಯಂತ್ರದ ಕಥೆ. ನ್ಯೂರೆಂಬರ್ಗಿನ ಅದೇ ದೋಸ್ತೇರ್ ಅವರು ೧೯೫೪ರ ಜನವರಿ ೭ರಂದು ಐಬಿಎಂ ಸಂಸ್ಥೆಯೊಡನೆ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನ ನಡೆಸಿದರು. ೨೫೦ ಪದಗಳನ್ನೂ ಆರು ವ್ಯಾಕರಣ ಸೂತ್ರಗಳನ್ನೂ ಉಂಡ ಗಣಕಯಂತ್ರವು ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಕೆಲವೇ ವರ್ಷಗಳಲ್ಲಿ ಸಮಸ್ಯೆ ಪರಿಹಾರವಾಗುವುದೆಂದು ಹುರುಪು ಹಬ್ಬಿತು. ೧೯೬೬ರಲ್ಲಿ ಅಮೆರಿಕದ ಪಂಡಿತ ಸಮಿತಿಯೊಂದು ಅದಕ್ಕೆ ತಣ್ಣೀರೆರಚಿತು. ಸೂತ್ರಗಳನ್ನು ಬಿಟ್ಟು, ಮನುಷ್ಯರು ಮಾಡಿದ ಲಕ್ಷಾಂತರ ಭಾಷಾಂತರಗಳನ್ನೇ ಯಂತ್ರಕ್ಕೆ ಉಣಿಸುವ ಮಾರ್ಗ ಹಿಡಿದ ಮೇಲೆ, ಅದರಲ್ಲಿಯೂ ೨೦೧೪ರಿಂದ ಈಚೆಗೆ, ವಿದ್ಯೆ ದಾಪುಗಾಲಿಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಸ್ಕೈಪ್ ಸಂಭಾಷಣೆಗಳಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತಿನ ಭಾಷಾಂತರ ಪ್ರಯೋಗಕ್ಕೆ ಬಂದಿತು. ೨೦೨೨ರ ಜುಲೈಯಲ್ಲಿ ಭಾರತ ಸರ್ಕಾರವು 'ಭಾಷಿಣಿ' ಎಂಬ ಯೋಜನೆಯನ್ನು ಹೊರತಂದಿತು. ೨೦೨೩ರ ಡಿಸೆಂಬರಿನಲ್ಲಿ ಕಾಶಿಯ ಸಭೆಯೊಂದರಲ್ಲಿ ಪ್ರಧಾನಮಂತ್ರಿಗಳ ಹಿಂದಿ ಭಾಷಣವನ್ನು ತಮಿಳು ಅತಿಥಿಗಳು ಅದರ ಮೂಲಕ ತಮಿಳಿನಲ್ಲಿ ಆಲಿಸಿದರು.

ನೇರಪ್ರಸಾರದಲ್ಲಿ ಯಂತ್ರವು ಮೂರು ಕೆಲಸಗಳನ್ನು ಒಂದರ ಹಿಂದೊಂದಾಗಿ ಮಾಡುತ್ತದೆ. ಧ್ವನಿಯನ್ನು ಬರಹವಾಗಿಸುವುದು, ಆ ಬರಹವನ್ನು ಭಾಷಾಂತರಿಸುವುದು, ಅದನ್ನು ಅಡಿಬರಹವಾಗಿ ಮೂಡಿಸುವುದು ಅಥವಾ ಕೃತಕ ಧ್ವನಿಯಲ್ಲಿ ಓದುವುದು. ಮೊದಲನೆಯದರಲ್ಲಿ ಲಕಾರ ಳಕಾರ ಕೆಟ್ಟರೆ ಎರಡನೆಯದು ಎಷ್ಟು ಜಾಣವಾಗಿದ್ದರೂ ಫಲವಿಲ್ಲ; 'ಬಳಿ'ಯನ್ನು ಅದು ನಂಬಿಕೆಯಿಂದಲೇ ಭಾಷಾಂತರಿಸುತ್ತದೆ. ಕ್ರಿಯಾಪದದ ಹಳೆಯ ಕಷ್ಟವೂ ಯಂತ್ರವನ್ನು ಬಿಟ್ಟಿಲ್ಲ. ೨೦೧೮ರಲ್ಲಿ ಬೈದು ಎಂಬ ಚೀನೀ ಸಂಸ್ಥೆಯ ಸಂಶೋಧಕರು ಮಾತಿಗಿಂತ ಇಂತಿಷ್ಟು ಪದಗಳಷ್ಟೇ ಹಿಂದೆ ಉಳಿದು, ಬರಲಿರುವ ಕ್ರಿಯಾಪದವನ್ನು ಊಹಿಸುತ್ತ ಸಾಗಲು ಯಂತ್ರವನ್ನು ಪಳಗಿಸಿದರು. ಬೇರೆ ಕೆಲವು ವ್ಯವಸ್ಥೆಗಳು ಮೊದಲು ಒಂದನ್ನು ಬರೆದು, ವಾಕ್ಯ ಮುಗಿದಾಗ ಅಳಿಸಿ ತಿದ್ದುತ್ತವೆ. ನೋಡುವವರ ಕಣ್ಣು ದಣಿಯುವುದು ಇದರಿಂದಲೇ.

ಇಲ್ಲಿ ನಮಗೊಂದು ಸಮಾಧಾನ ಕಂಡಿತು. ನೇರಪ್ರಸಾರವು ಹೆಸರಿಗಷ್ಟೇ ನೇರ. ಚಿತ್ರವನ್ನು ಹೆಚ್ಚುಕಡಿಮೆ ಆರು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳುಹಿಸುವುದು ವಾಡಿಕೆ. ಅಂತಹ ಕೆಲವು ತುಂಡುಗಳು ಕೂಡಿದ ಮೇಲೆಯೇ ನೋಡುವವರ ಪರದೆಯ ಮೇಲೆ ಚಿತ್ರ ಚಲಿಸುತ್ತದೆ. ನಾವು ಇಲ್ಲಿ ಆಶೀರ್ವದಿಸಿ ಕೈ ಇಳಿಸಿದ ಮೇಲೆ ಜರ್ಮನಿಯಲ್ಲಿ ನಮ್ಮ ಕೈ ಮೇಲೇಳುತ್ತದೆ. ಎದುರಿಗೇ ಕುಳಿತವರಿಗಾಗಿ ಹೇಳುವ ದುಭಾಷಿಗೆ ಇಲ್ಲದ ಈ ಇಪ್ಪತ್ತು ಸೆಕೆಂಡುಗಳ ಬಿಡುವು ನಮಗೆ ತಾನಾಗಿಯೇ ದೊರೆತಿದೆ. ಪ್ರಸಾರವನ್ನು ಇನ್ನೂ ಸ್ವಲ್ಪ ತಡೆದು ಕಳುಹಿಸಿದರೆ ವಾಕ್ಯ ಮುಗಿಯುವವರೆಗೆ ಕಾದು, ಸರಿಪಡಿಸಿದ ಅಡಿಬರಹವನ್ನೇ ಚಿತ್ರದೊಡನೆ ಜೋಡಿಸಬಹುದು. ಧಾವಂತದಲ್ಲಿ ತಪ್ಪು ಹೇಳುವುದಕ್ಕಿಂತ ಅರ್ಧ ನಿಮಿಷ ತಡವಾಗಿ ಸರಿ ಹೇಳುವುದು ಮೇಲೆಂದು ನಾವು ಭಾವಿಸುತ್ತೇವೆ. ಯುವಕರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ತಕ್ಷಣವೇ ಕಾಣಬೇಕೆಂಬುದು ಅವರ ವಯಸ್ಸಿನ ಧರ್ಮ.

ಈಗ ನಮ್ಮ ದೇವಾಲಯದಲ್ಲಿ ನಡೆಯುತ್ತಿರುವ ಕ್ರಮ ಹೀಗಿದೆ. ನಿಶ್ಚಿತವಾದ ಪ್ರಾರ್ಥನೆಗಳಿಗೂ ವಾಚನಗಳಿಗೂ ಧರ್ಮಸಭೆಯೇ ಒಪ್ಪಿದ ಇಂಗ್ಲಿಷ್ ಪಾಠವಿರುವುದರಿಂದ ಅವುಗಳನ್ನು ಯಂತ್ರದ ಕೈಗೆ ಕೊಡುವುದಿಲ್ಲ, ಸಿದ್ಧಪಾಠವನ್ನೇ ತೋರಿಸುತ್ತೇವೆ. ಬಲಿ, ಧರ್ಮಸಭೆ, ಧರ್ಮಾಧ್ಯಕ್ಷರು ಮೊದಲಾದ ಪದಗಳ ಪಟ್ಟಿಯೊಂದನ್ನು ಯಂತ್ರಕ್ಕೆ ಮುಂಚಿತವಾಗಿಯೇ ಒದಗಿಸಿದ್ದೇವೆ. ಪ್ರಬೋಧನೆಗೆ ಮಾತ್ರ, ಕಾಲೇಜು ಮುಗಿಸಿರುವ ನಮ್ಮ ಇಬ್ಬರು ಹೆಣ್ಣುಮಕ್ಕಳು ಸಕ್ರಿಸ್ತಿಯ ಪಕ್ಕದ ಕೋಣೆಯಲ್ಲಿ ಸರದಿಯ ಮೇಲೆ ಕುಳಿತು ಯಂತ್ರದ ಬರಹವನ್ನು ತಿದ್ದುತ್ತಾರೆ. ತಿದ್ದಲಾಗದಷ್ಟು ಕೆಟ್ಟರೆ ಅದನ್ನು ಆರಿಸಿ ತಾವೇ ಮೈಕಿನಲ್ಲಿ ಹೇಳುತ್ತಾರೆ. ಆ ಧ್ವನಿ ಎರಡನೆಯ ಪಥದಲ್ಲಿ ಹೋಗುತ್ತದೆ, ಬೇಕಾದವರು ಅದನ್ನು ಆರಿಸಿಕೊಳ್ಳಬಹುದು. ಇವರಿಗೆಂದು ಪೀಠದ ಎದುರು ಹಳದಿಯ ಒಂದು ಪುಟ್ಟ ದೀಪವನ್ನೂ ಹಾಕಿಸಿದ್ದೇವೆ. ಕಳೆದ ಹಬ್ಬದಂದು ಅದು ನಮ್ಮ ಪ್ರಬೋಧನೆಯ ನಡುವೆ ನಾಲ್ಕು ಬಾರಿ ಹತ್ತಿತು.

ಶತಮಾನೋತ್ಸವದ ಬಲಿಪೂಜೆಯನ್ನೂ ಹೀಗೆಯೇ ಪ್ರಸಾರ ಮಾಡಲಿದ್ದೇವೆ. ಜರ್ಮನಿಯ ಆ ಕುಟುಂಬಕ್ಕೆ ಸಮಯ ತಿಳಿಸಿ ಪತ್ರ ಬರೆದಿದ್ದೇವೆ. ಅಂದಿನ ಪ್ರಬೋಧನೆಯ ಕನ್ನಡ ಪ್ರತಿಯನ್ನು ಹಿಂದಿನ ದಿನವೇ ಆ ಇಬ್ಬರು ಹೆಣ್ಣುಮಕ್ಕಳ ಕೈಗೆ ಕೊಡಬೇಕೆಂದು ಅವರು ಆಜ್ಞೆ ಮಾಡಿದ್ದಾರೆ. ನಾವು ಒಪ್ಪಿದ್ದೇವೆ.